ಬರಿಹೊಟ್ಟೆಯ ಕೋಡ್

ಶುಗರ್ ಅಂದರೆ ಊರಿಗೆಲ್ಲ ಒಂದೇ. ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮಾತ್ರ ಅದು ಹತ್ತಾರು ಬಗೆ. ಬರಿಹೊಟ್ಟೆಯದಕ್ಕೆ ಒಂದು ಕೋಡ್, ಊಟವಾದ ಮೇಲಿನದಕ್ಕೆ ಇನ್ನೊಂದು, ಹೊತ್ತುಗೊತ್ತಿಲ್ಲದೆ ತೆಗೆದದ್ದಕ್ಕೆ ಮತ್ತೊಂದು, ಬೆರಳು ಚುಚ್ಚಿ ನೋಡಿದ್ದಕ್ಕೆ ಬೇರೆಯೇ. ಎಲ್ಲಿಯ ಡಾಕ್ಟರು ನೋಡಿದರೂ ಒಂದೇ ಅರ್ಥ ಬರಲಿ ಎಂದು ಈ ಏರ್ಪಾಡು. ಲ್ಯಾಬಿನ ಹಳೆಯ ಹೆಸರುಗಳಿಗೆ ಈ ಕೋಡ್‌ಗಳನ್ನು ಹೊಂದಿಸುವ ಕೆಲಸ ನನ್ನ ತಲೆಗೆ ಬಿತ್ತು. ಆರು ವಾರ ಕಣ್ಣು ಕಿತ್ತುಬರುವಂತೆ ಕೂತು ಮುಗಿಸಿದೆ. ಜಂಬವೂ ಬಂದಿತ್ತು, ಸುಳ್ಳೇಕೆ.

ಲ್ಯಾಬಿನ ಟೆಕ್ನೀಷಿಯನ್ನನ್ನು ನಾವು ಮೌನಿ ಎಂದೇ ಕರೆಯುವುದು. ಕೇಳಿದಷ್ಟಕ್ಕೆ ಉತ್ತರ, ಅದರ ಮೇಲೆ ಒಂದಕ್ಷರ ಇಲ್ಲ. ಬೆಳಗಿನ ಮೊದಲ ಸ್ಟ್ಯಾಂಡಿನಲ್ಲಿ ನಿಲ್ಲಿಸುವ ರಕ್ತದ ಟ್ಯೂಬುಗಳು ಬರಿಹೊಟ್ಟೆಯವಾ ಎಂದು ಅವನನ್ನು ಕೇಳಿದ್ದೆ. ಹೌದೆಂದ. ಇಡೀ ಸ್ಟ್ಯಾಂಡಿಗೆ ಬರಿಹೊಟ್ಟೆಯ ಕೋಡ್ ಹಾಕಿ ಕೈತೊಳೆದುಕೊಂಡೆ.

ಮೂರು ತಿಂಗಳಾದ ಮೇಲೆ ನನ್ನ ಅಣ್ಣನನ್ನು ಬಸ್ಸಿನಿಂದ ಇಳಿಸಿದರು. ಅವನು ರಾತ್ರಿ ಪಾಳಿಯ ಡ್ರೈವರ್. ಡಿಪೋದವರು ವರ್ಷಕ್ಕೊಮ್ಮೆ ಎಲ್ಲ ಡ್ರೈವರುಗಳನ್ನೂ ನಮ್ಮ ಆಸ್ಪತ್ರೆಗೆ ತಪಾಸಣೆಗೆ ಕಳಿಸುತ್ತಾರೆ. ಬರಿಹೊಟ್ಟೆಯಲ್ಲಿ ಶುಗರ್ ನೂರಾ ಇಪ್ಪತ್ತಾರು ಮುಟ್ಟಿದರೆ ಸ್ಟಿಯರಿಂಗ್ ಹಿಡಿಯುವಂತಿಲ್ಲ ಎಂಬುದು ಅವರ ನಿಯಮ. ಅಣ್ಣನದು ನೂರಾ ಅರವತ್ತೆಂಟು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನನ್ನು, ಬೇರೆಯವರ ಬಸ್ಸು ಹೊರಟ ಹೊತ್ತು ಬರೆದುಕೊಳ್ಳಲು ಕಿಟಕಿಯ ಹಿಂದೆ ಕೂರಿಸಿದರು. ಅವನು ಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಓಡಾಡತೊಡಗಿದ. ಡಿಪೋಗೆ ಕೊಟ್ಟ ಆಯಸ್ಸೆಲ್ಲ ನೀರುಪಾಲಾಯಿತು ಎಂದು ಅತ್ತಿಗೆಯ ಹತ್ತಿರ ಒಮ್ಮೆ ಹೇಳಿಕೊಂಡನಂತೆ.

ಒಂದು ಬೆಳಗ್ಗೆ ಟೀ ಕುಡಿಯುತ್ತ ಅವನು ಗೊಣಗಿದ್ದು ನನ್ನ ಕಿವಿಗೆ ಬಿತ್ತು.

“ಬರಿಹೊಟ್ಟೆ ಅಂತೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಹೊಟ್ಟೆ ತುಂಬ ಊಟ ಮಾಡಿ ಬಂದಿದ್ದೆ. ರಕ್ತ ತೆಗೆಯೋನಿಗೆ ಹೇಳೂ ಇದ್ದೆ.”

ಆ ಕೋಡ್ ಹಾಕಿದ್ದು ನಾನೇ. ಉಂಡು ಬಂದವನಿಗೆ ನೂರಾ ಅರವತ್ತೆಂಟು ಅಂಥ ದೊಡ್ಡ ಸಂಗತಿಯೇ ಅಲ್ಲ.

ಹೋಗಿ ಮೌನಿಯನ್ನು ಹಿಡಿದುಕೊಂಡೆ. ಅವನು ಹಳೆಯ ರಿಜಿಸ್ಟರು ತಂದು ಬಿಚ್ಚಿಟ್ಟ. ಪಾಳಿ ಮುಗಿಸಿ ನೇರವಾಗಿ ಬರುವ ಡ್ರೈವರುಗಳ ಟ್ಯೂಬೂ ಮೊದಲ ಸ್ಟ್ಯಾಂಡಿಗೇ ಹೋಗುತ್ತಿತ್ತು. ಅವರ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಊಟದ ತಟ್ಟೆಯಂತೆ ಒಂದು ಸಣ್ಣ ಸುತ್ತು. ಅಂದರೆ ಉಂಡವರು. ಹಿಂದೆಲ್ಲ ಡಾಕ್ಟರು ಆ ಸುತ್ತು ನೋಡಿ ತಿಳಿದುಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ಸುತ್ತು ಹಾಕಲು ಜಾಗವಿರಲಿಲ್ಲ. ನಾನು ಸ್ಟ್ಯಾಂಡಿನ ಬಗ್ಗೆ ಕೇಳಿದೆನಂತೆ, ಡ್ರೈವರುಗಳ ಬಗ್ಗೆ ಕೇಳಲಿಲ್ಲವಂತೆ. ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಆದರೆ ಅವನು ಹೇಳಿದ್ದು ನಿಜ.

ಹೀಗೆ ಬಸ್ಸಿನಿಂದ ಇಳಿದವರು ಹತ್ತೊಂಬತ್ತು ಜನ. ಅಣ್ಣನ ರಿಪೋರ್ಟು ಮಾತ್ರ ಸದ್ಯಕ್ಕೆ ಸರಿಮಾಡಿಬಿಡು, ಉಳಿದದ್ದು ನಿಧಾನಕ್ಕೆ ನೋಡೋಣ ಎಂದು ಲ್ಯಾಬಿನ ಮುಖ್ಯಸ್ಥರು ದೊಡ್ಡ ಮನಸ್ಸು ಮಾಡಿದರು. ಆಸೆಯಾಯಿತು. ಆಮೇಲೆ ನಾಚಿಕೆಯೂ ಆಯಿತು. ಹತ್ತೊಂಬತ್ತು ತಿದ್ದುಪಡಿ ಹಾಳೆಗಳಲ್ಲೂ ತಪ್ಪು ನನ್ನದೆಂದು ಸಹಿ ಹಾಕಿದೆ. ನನಗೊಂದು ನೋಟಿಸು ಬಂತು. ಎಲ್ಲರಿಗೂ ರಜೆಯ ದಿನ ಬರಿಹೊಟ್ಟೆಯಲ್ಲಿ ಮರುಪರೀಕ್ಷೆ ಎಂದಾಯಿತು.

ಅಣ್ಣನಿಗೆ ಎಲ್ಲ ಹೇಳಿದೆ. ಅವನು ನನ್ನನ್ನು ಮನಸಾರೆ ಬೈದು, ತಿಂಗಳುಗಳ ಮೇಲೆ ಮೊದಲ ಸಲ ನಕ್ಕ. ಯೂನಿಫಾರ್ಮಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಪರೀಕ್ಷೆಯ ಹಿಂದಿನ ಸಂಜೆ ಏಳಕ್ಕೆ ಉಂಡವನು ಬೆಳಗಿನವರೆಗೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಹದಿನಾರು ಜನ ಮತ್ತೆ ಬಸ್ಸು ಹತ್ತಿದರು. ಅಣ್ಣನದು ನೂರಾ ನಲವತ್ತೊಂದು ಬಂತು. ವಾರ ಬಿಟ್ಟು ಇನ್ನೊಮ್ಮೆ ತೆಗೆಸಿದೆ. ನೂರಾ ನಲವತ್ತನಾಲ್ಕು.

ರಿಪೋರ್ಟನ್ನು ನಾನೇ ಮನೆಗೆ ಒಯ್ದೆ. ಅಣ್ಣ ಓದಿ, ಕೋಡ್ ಸರಿಯಾಗಿದೆಯಾ ಎಂದು ಕೇಳಿದ. ಸರಿಯಾಗಿದೆ ಎಂದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವನು ಹಾಳೆಯನ್ನು ಮಡಿಚಿ ನನ್ನ ಕೈಗೇ ಕೊಟ್ಟ.

“ನೀನು ಮತ್ತೆ ರಕ್ತ ತೆಗೆಸದೆ ಸುಮ್ನಿದ್ದಿದ್ರೆ ಇದು ನಿನ್ನ ತಪ್ಪಾಗೇ ಇರ್ತಿತ್ತು,” ಎಂದ. “ಈಗ ನನ್ನ ಕಾಯಿಲೆ ಆಯ್ತು.”

ಅಷ್ಟು ದಿನ ಅವನಿಗೆ ನನ್ನನ್ನು ಬೈದುಕೊಳ್ಳುವುದಾದರೂ ಇತ್ತು, ಅದನ್ನೂ ಕಿತ್ತುಕೊಂಡೆನಲ್ಲ ಎಂದು ಸಂಕಟವಾಯಿತು. ಬೈಯಲಿ ಎಂದು ಅವನ ಪಕ್ಕದಲ್ಲೇ ಬಹಳ ಹೊತ್ತು ಕೂತೆ. ಅವನು ಬೈಯಲಿಲ್ಲ.