ಎಡಗಾಲಿನ ಹಿಮ್ಮಡಿ

ಅಂಗಳದಲ್ಲಿ ಗಂಡ ಜಟ್ಟುವಿನ ಹೆಣಕ್ಕೆ ನೀರು ಹೊಯ್ಯುತ್ತಿದ್ದ ಬೀರಿಯ ಕೈ ಎಡಗಾಲಿನ ಹತ್ತಿರ ತಡೆಯಿತು. ಆ ಪಾದಕ್ಕೆ ಬಟ್ಟೆ ಸುತ್ತಿತ್ತು. ಸುದ್ದಿ ಕೇಳಿ ಕಾರವಾರದಿಂದ ಮೊದಲ ಬಸ್ಸಿಗೇ ಬೆಳಂಬಾರಕ್ಕೆ ಬಂದಿದ್ದ ರಂಜನಾ ತೆಂಗಿನ ಮರದ ಬುಡದಲ್ಲಿ ನಿಂತಿದ್ದಳು. ಎರಡು ವರ್ಷದ ಹಿಂದೆ ಜಟ್ಟುವಿನ ಹಿಮ್ಮಡಿಯ ಮಚ್ಚೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಡಾಕ್ಟರು ಅವಳೇ.

ಹೆಂಗಸರು ಬೀರಿಯನ್ನೇ ದೂರುತ್ತಿದ್ದರು. ಮಚ್ಚೆ ಸುಡಲು ಗೇರುಸೊನೆ ಹಚ್ಚಿದ್ದರಿಂದಲೇ ಅದು ಕೆರಳಿ ಮೈಗೆಲ್ಲ ಹಬ್ಬಿತಂತೆ.

"ಬ್ಯಾಡ ಅಂದಿದ್ದ ಅಂವ. ನಾನೇ ಹಚ್ಚಿದೆ," ಎಂದಳು ಬೀರಿ. ಸೊನೆ ಸುಟ್ಟು ಕಪ್ಪು ಕಲೆಯುಳಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಂಜನಾಳ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು.

*

ಸಾದಾ ಮಚ್ಚೆಯ ಕೋಶಗಳು ಆಳಕ್ಕಿಳಿದಂತೆ ಸಣ್ಣದಾಗಿ ತೆಪ್ಪಗಾಗುತ್ತವೆ. ಕೆಟ್ಟವು, ಎಂದರೆ ಕ್ಯಾನ್ಸರಿನವು, ಆಳದಲ್ಲೂ ದೊಡ್ಡದಾಗಿಯೇ ಉಳಿದು, ಒಂದು ಎರಡಾಗುತ್ತಿರುತ್ತವೆ. ಜಟ್ಟುವಿನ ತುಣುಕಿನ ತಳದಲ್ಲಿ ಅಂಥವು ಮೂರು ಕಂಡಿದ್ದವು. ಆದರೆ ಜೊತೆಗೆ ಬಂದ ಚೀಟಿಯಲ್ಲಿ 'ಗೇರುಸೊನೆ ಹಚ್ಚಿದೆ' ಎಂದಿತ್ತು. ಈ ಕರಾವಳಿಯಲ್ಲಿ ಹುಟ್ಟಿದವಳಿಗೆ ಅದೇನು ಹೊಸತೇ? ಆಣಿಗೂ ಸೊನೆ, ನರಹುಲಿಗೂ ಸೊನೆ. ಅವಳ ಅಜ್ಜಿಯೂ ಹಚ್ಚಿದವಳೇ. ಸುಟ್ಟ ಚರ್ಮ ಕೆರಳದೆ ಇರುತ್ತದೆಯೇ ಎಂದುಕೊಂಡು 'ಸಾದಾ ಮಚ್ಚೆ' ಎಂದು ಬರೆದಳು. ಸೊನೆ ಅಷ್ಟು ಆಳಕ್ಕೆ ಇಳಿಯುವುದಿಲ್ಲವೆಂದು ಗೊತ್ತಿತ್ತು. ಇನ್ನೊಬ್ಬರಿಗೆ ತೋರಿಸಲು ಬಿಗುಮಾನ ಬಿಡಲಿಲ್ಲ.

ವಾರದ ಮೇಲೆ ಜಟ್ಟು ಬರಿಗಾಲಲ್ಲಿ ಬಂದು, ತಾನು ಬೆಳೆದ ಹರಿವೆ ಸೊಪ್ಪಿನ ಕಟ್ಟೊಂದನ್ನು 'ಡಾಕ್ಟ್ರಮ್ಮಂಗೆ' ಎಂದು ಬಾಗಿಲಲ್ಲಿ ಕೊಟ್ಟುಹೋದ. ಒಳಗಿದ್ದ ರಂಜನಾ ಎದ್ದು ಬಂದು ಮುಖ ನೋಡಲಿಲ್ಲ. ಸೊಪ್ಪನ್ನು ಪಲ್ಯ ಮಾಡಿ ಉಂಡಳು. ಈಗ ಅದನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

*

ಚಟ್ಟ ಸಿದ್ಧವಾಗಿತ್ತು. ಸುಮ್ಮನೆ ಕೈಮುಗಿದು ಹೊರಟುಬಿಟ್ಟರೆ ಕೇಳುವವರಿಲ್ಲ. ಆದರೆ ಬೀರಿಯ ಆ ಮುಷ್ಟಿ ಬದುಕಿಡೀ ಬಿಚ್ಚುವುದಿಲ್ಲ. ರಂಜನಾ ಎಲ್ಲರ ನಡುವೆ ನಡೆದು ಬಂದಳು.

"ಬೀರಕ್ಕ, ಇದು ಸೊನೆಯಿಂದ ಆದದ್ದಲ್ಲ. ಮೊದಲಿಂದ್ಲೂ ಕೆಟ್ಟದ್ದೇ ಇತ್ತು. ಏನೂ ಇಲ್ಲ ಅಂತ ತಪ್ಪು ಬರೆದವಳು ನಾನು."

ಬೀರಿ ತಲೆಯೆತ್ತಿದಳು.

"ನಿಮ್ಗೆ ಆಗ ಕಂಡಿತ್ತಾ?"

"ಕಂಡಿತ್ತು."

ಬೀರಿ ಮುಷ್ಟಿ ಬಿಚ್ಚಿದಳು. ಆ ಕಪ್ಪು ಹೆಬ್ಬೆರಳಿನಿಂದಲೇ ಪಾದದ ಬಟ್ಟೆಯ ಗಂಟು ಬಿಡಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದಳು.

"ಈಗ ಸಮಾ ನೋಡಿ."

ರಂಜನಾ ಒದ್ದೆ ಮಣ್ಣಿನಲ್ಲಿ ಮಂಡಿಯೂರಿದಳು. ಆ ಕಾಲನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಬೀರಿ ನೀರು ಹೊಯ್ದಳು. ಹುಣ್ಣಿನ ಸುತ್ತಲಿನ ಬಿರುಕುಗಳಲ್ಲಿ ಕೂತ ಗದ್ದೆಯ ಮಣ್ಣು ಹೋಗಲಿಲ್ಲ.