ಭಾಗವಾದ ಸ್ಪೀಕರ್‌ಗಳು

ತಾತನ ಸ್ಪೀಕರ್‌ನಲ್ಲಿ ತಾಳದ ಸದ್ದೇ ಕೇಳುತ್ತಿರಲಿಲ್ಲ. ಕೊಳಲು ಕಂಬಳಿ ಹೊದ್ದುಕೊಂಡು ಅಳುತ್ತಿತ್ತು. ಅದನ್ನು ಸ್ಕೂಟರ್ ಮೇಲಿಟ್ಟುಕೊಂಡು ಚಾಮರಾಜಪೇಟೆಯ ನಮ್ಮ ಬೀದಿಯಲ್ಲೇ ಇರುವ ಬದರೀನಾರಾಯಣ ಅಂಕಲ್ ಅಂಗಡಿಗೆ ಹೋದೆ. ಅವರು ಹಿಂಬದಿ ಬಿಚ್ಚಿ ಒಳಗಿನ ಪುಟ್ಟ ಬೋರ್ಡ್ ತೋರಿಸಿದರು. ದಪ್ಪ ಸದ್ದನ್ನೂ ಸಣ್ಣ ಸದ್ದನ್ನೂ ಬೇರೆ ಮಾಡಿ ಕಳಿಸುವುದು ಅದೇ ಅಂತೆ.

"ಕೆಪಾಸಿಟರ್ ಒಣಗೋಗಿದೆ ಕಣಮ್ಮ ತನುಶ್ರೀ. ಹೊಸದು ಹಾಕ್ತೀನಿ. ಇದರ ಜೋಡಿ ಎಲ್ಲಿ?"

"ತ್ಯಾಗರಾಜನಗರದಲ್ಲಿ. ಭಾಗ ಆದಾಗ ತಾತಂಗೊಂದು, ಚಿಕ್ಕ ತಾತಂಗೊಂದು ಬಂತು."

"ಅಯ್ಯೋ, ಸ್ಪೀಕರ್ ಯಾರಾದ್ರೂ ಭಾಗ ಮಾಡ್ತಾರಾ? ಒಂದಕ್ಕೆ ಹೊಸದು, ಒಂದಕ್ಕೆ ಹಳೇದು ಅಂದ್ರೆ ಆಮೇಲೆ ಎರಡೂ ಕೂಡ್ಕೊಳಲ್ಲ. ಅದನ್ನೂ ತಗೊಂಬಾ."

ಮನೆಗೆ ಬಂದು ತಾತನಿಗೆ ಹೇಳಿದೆ. ಮದುವೆಗೆ ಮುಂಚೆ ಅಣ್ಣತಮ್ಮ ಸೇರಿ ಕೊಂಡ ಜೋಡಿಯಂತೆ. ಭಾನುವಾರ ಬೆಳಿಗ್ಗೆ ಕಾಫಿ ಆರಿಹೋಗುವವರೆಗೂ ಕೇಳುತ್ತಿದ್ದರಂತೆ.

"ಸಾಯೋದ್ರೊಳಗೆ ಒಂದ್ಸಲ ಜೋಡೀಲಿ ಕೇಳ್ಬೇಕು ಕಣೆ," ಅಂದರು. "ನಾನ್ ಕೇಳಿದ್ರೆ ಅವ್ನು ಕೊಡಲ್ಲ. ನೀನೇ ಹೋಗು."

ತ್ಯಾಗರಾಜನಗರಕ್ಕೆ ಹೋಗಿ ಕೇಳಿದರೆ ಚಿಕ್ಕ ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ ತಾತನ ಪ್ಲಾನು ನಂಗೊತ್ತು. ರಿಪೇರಿ ಅಂತ ತಗೊಂಡೋಗಿ ಇಟ್ಕೊಂಬಿಡ್ತಾನೆ."

"ಹಂಗಾದ್ರೆ ನೀವೂ ಬನ್ನಿ ಚಿಕ್ಕ ತಾತ, ಕಾವಲಿಗೆ!"

ತಮಾಷೆಗೆ ಅಂದಿದ್ದು. ಅವರು ನಿಜಕ್ಕೂ ಚಪ್ಪಲಿ ಮೆಟ್ಟಿದರು. ಆಟೋದಲ್ಲಿ ಸ್ಪೀಕರ್ ತೊಡೆ ಮೇಲೆ. ಅಂಗಡಿಯಲ್ಲಿ ಕೊನೆಯ ಬೆಸುಗೆ ಆಗುವವರೆಗೂ ಸ್ಟೂಲ್ ಬಿಟ್ಟು ಕದಲಲಿಲ್ಲ.

ಸಂಜೆ ನಮ್ಮ ಹಾಲ್‌ನಲ್ಲಿ ಎರಡನ್ನೂ ಇಟ್ಟು ತಾತ ಕ್ಯಾಸೆಟ್ ಹಾಕಿದರು. ಎಡಕ್ಕೆ ಮೃದಂಗ, ಬಲಕ್ಕೆ ಕೊಳಲು. ನಡುವೆ, ಏನೂ ಇಲ್ಲದ ಜಾಗದಿಂದ, ಟಿಣ್ ಅಂತ ತಾಳ! ನಾನು ಎದ್ದು ಅಲ್ಲಿ ಕೈಯಾಡಿಸಿಯೇ ನೋಡಿದೆ. ಅವರಿಬ್ಬರೂ ಕಣ್ಣು ಮುಚ್ಚಿದ್ದರು.

ಒಂದು ಸೈಡ್ ಮುಗಿಯಿತು. ಚಿಕ್ಕ ತಾತ ಎದ್ದು ವೈರ್ ಕಿತ್ತರು. "ನಂದು ನಾನ್ ತಗೊಂಡೋಗ್ತೀನಿ."

ನನಗೆ ಅಳುವೇ ಬಂತು.

"ತಗೊಂಡೋಗು, ನಿಂದೇ," ಅಂದ ತಾತ ಬಗ್ಗಿ ತಮ್ಮದರ ವೈರನ್ನೂ ಕಿತ್ತರು. ಸ್ಪೀಕರ್ ಎತ್ತಿ ಎದೆಗೆ ಆನಿಸಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟರು.

ಅಡುಗೆಮನೆಯಿಂದ ಅಜ್ಜಿ ಓಡಿ ಬಂದರು. "ಅದನ್ನೆಲ್ಲಿಗ್ರೀ ಹೊತ್ಕೊಂಡು ಹೊರಟ್ರಿ?"

"ಇನ್ನೊಂದು ಸೈಡ್ ಬಾಕಿ ಇದೆ ಕಣೆ, ಇವನ ಮನೇಲಿ ಕೇಳ್ತೀವಿ. ತನು, ಟೇಪ್‌ರೆಕಾರ್ಡರ್ ಎತ್ಕೋ."

"ಇಷ್ಟೆಲ್ಲಾ ಒಂದ್ ಆಟೋದಲ್ಲಿ ಹಿಡಿಯಲ್ಲ ಕಣೋ ಅಣ್ಣ," ಚಿಕ್ಕ ತಾತ ಗೊಣಗಿದರು.

"ಹಿಡಿಯುತ್ತೆ. ಸರ್ಕೊಂಡು ಕೂತ್ಕೋ."