ಹನ್ನೊಂದು ಡಿಸ್ಕಿಗೆ ಎರಡೇ ಕಲಂ

ಏಳು ತಿಂಗಳಿಂದ ಮೇಲ್ವಿಚಾರಕಿಯ ಮೇಜಿನ ಕೆಳಗೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಕೂತಿತ್ತು. ಅದರಲ್ಲಿದ್ದದ್ದು ಬಿಸ್ಕತ್ತಲ್ಲ, ಹನ್ನೊಂದು ಹಾರ್ಡ್‌ಡಿಸ್ಕು. ಲ್ಯಾಪ್‌ಟಾಪುಗಳು ಒಂದೊಂದಾಗಿ ಕೆಟ್ಟು ಮೂಲೆ ಸೇರಿದಾಗ ಬಿಚ್ಚಿ ತೆಗೆದಿಟ್ಟವು, ಒಂದೊಂದೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಕಾಲು ಚಾಚಿದಾಗಲೆಲ್ಲ ಡಬ್ಬಿ ಹೆಬ್ಬೆರಳಿಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಬೀರುವಿನಲ್ಲಿ ಇಡೋಣವೆಂದರೆ ಬೀರುವಿನ ಬೀಗ ಕೆಟ್ಟು ಎಂಟು ತಿಂಗಳಾಗಿತ್ತು. ಬೀಗದ ಬಗ್ಗೆ ಬರೆದ ಪತ್ರಕ್ಕೂ ಉತ್ತರ ಬಂದಿರಲಿಲ್ಲ.

ಆ ಮನೆಗೆ ಬೋರ್ಡಿಲ್ಲ. ಗಂಡನಿಂದಲೋ ಅಪ್ಪನಿಂದಲೋ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದ ಹೆಂಗಸರನ್ನು ಬಚ್ಚಿಡುವ ಮನೆ ಅದು. ಬಂದವರು ಕೆಲವು ತಿಂಗಳಿದ್ದು, ಬೇರೆ ಹೆಸರಿಟ್ಟುಕೊಂಡು, ಬೇರೆ ಊರಲ್ಲಿ ಕೆಲಸ ಹಿಡಿದು ಹೋಗುತ್ತಾರೆ. ಯಾರು ಬಂದರು, ಹಳೆಯ ಹೆಸರೇನು, ಹೊಸ ವಿಳಾಸ ಯಾವುದು, ಎಲ್ಲವೂ ಫೋಟೋ ಸಮೇತ ಆ ಡಬ್ಬಿಯೊಳಗಿತ್ತು. ಹಿಂದಿನ ವರ್ಷ ಇಂಥದ್ದೇ ಇನ್ನೊಂದು ಮನೆಯವರು ತಮ್ಮ ಹಳೆಯ ಕಂಪ್ಯೂಟರುಗಳನ್ನು, ಎಲ್ಲಾ ಅಳಿಸಿದ್ದೇವೆಂದು ನಂಬಿ, ಗುಜರಿಗೆ ಹಾಕಿದ್ದರು. ಅಳಿಸಿದ್ದನ್ನು ಯಾರೋ ಮತ್ತೆ ಎಬ್ಬಿಸಿದರು. ಹದಿನೈದೇ ದಿನಕ್ಕೆ ಒಬ್ಬಳ ಹೊಸ ಮನೆಯ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಆಮೇಲೇನಾಯಿತೆಂದು ಮೇಲ್ವಿಚಾರಕಿ ಯಾರಿಗೂ ಹೇಳುವುದಿಲ್ಲ.

ಆಗ ಪ್ರಧಾನ ಕಚೇರಿಗೆ ಜ್ಞಾನೋದಯವಾಯಿತು. ಅಳಿಸಿದರೆ ಸಾಲದು, ಅಧಿಕಾರಿಯ ಕಣ್ಣೆದುರೇ ಡಿಸ್ಕುಗಳನ್ನು ಒಡೆದು ಹಾಳುಮಾಡಬೇಕು ಎಂದು ಸುತ್ತೋಲೆ ಬಂತು. ಸರಿ, ಅಧಿಕಾರಿಯನ್ನು ಕಳಿಸಿ ಎಂದು ಇವಳು ಬರೆದಳು. ಒಂಬತ್ತು ಸಲ ಬರೆದಳು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು.

"ನೀನು ನನ್ನ ಬದಲು ಆ ಡಿಸ್ಕನ್ನೇ ಕಟ್ಕೋಬೇಕಿತ್ತು," ಎಂದ ಗಂಡ.

"ನಿಮ್ಮನ್ನಾದ್ರೆ ಅಧಿಕಾರಿ ಬರೋ ತನಕ ಕಾಯದೆ ಒಡೀಬಹುದು," ಎಂದಳು ಅವಳು. ಗಂಡ ತಟ್ಟೆಗೆ ತಲೆ ಬಗ್ಗಿಸಿ ಊಟ ಮುಗಿಸಿದ.

ಕೊನೆಗೂ ಒಂದು ಬುಧವಾರ ಬೆಳಿಗ್ಗೆ ಅಧಿಕಾರಿ ಬಂದರು. ತೆಳ್ಳಗಿನ, ಮೆದುಮಾತಿನ ಮನುಷ್ಯ. ಜೇಬಿನಲ್ಲಿ ಮೂರು ಪೆನ್ನು, ಕೈಯಲ್ಲಿ ಒಂದು ನಮೂನೆ. ಗಾಳಿಗೆ ಹಾರಿಹೋದೀತೆಂಬಂತೆ ಅದನ್ನು ಎದೆಗೊತ್ತಿಕೊಂಡೇ ಒಳಗೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ಅವರಿಗೆ ಮನಸ್ಸಿನಲ್ಲೇ ನಮೂನೆ ಸಾಹೇಬರೆಂದು ಹೆಸರಿಟ್ಟಾಗಿತ್ತು.

ತೂತು ಕೊರೆಯಲು ಅವಳ ಮೈದುನನೇ ಬಂದಿದ್ದ. ಮೋಟಾರು ರಿಪೇರಿ ಅಂಗಡಿಯವನು, ಆ ಮನೆಯ ಫ್ಯಾನು ಮಿಕ್ಸಿಗಳ ವೈದ್ಯ. ಮುಂದಿನ ಕೋಣೆಯ ತನಕ ಮಾತ್ರ ಅವನಿಗೆ ಪ್ರವೇಶ. ಅವನು ಮೇಜಿನ ಮೇಲೆ ಹಲಗೆ ಹಾಸಿ, ಮೊದಲ ಡಿಸ್ಕನ್ನು ಕ್ಲಾಂಪಿನಲ್ಲಿ ಬಿಗಿದು, ನಟ್ಟನಡುವೆ ಡ್ರಿಲ್ ಇಟ್ಟು ಒತ್ತಿದ. ಕಿರ್ರೆಂದಿತು, ಒಳಗೇನೋ ಪುಡಿಯಾಯಿತು, ಡ್ರಿಲ್ಲಿನ ಮೊನೆ ಆಚೆ ಬಂತು. ಏಳು ತಿಂಗಳಲ್ಲಿ ಮೊದಲ ಸಲ ಮೇಲ್ವಿಚಾರಕಿಗೆ ಹಾಯೆನಿಸಿತು.

"ಇದು ನಡೆಯಲ್ಲ ಮೇಡಂ," ಎಂದರು ನಮೂನೆ ಸಾಹೇಬರು.

"ಯಾಕೆ ಸರ್? ಹಾಳಾಯ್ತಲ್ಲ?"

"ಹಾಳಾಗಿದೆ. ಆದ್ರೆ ತೂತು ಡಿಸ್ಕಿಗೆ ಅಂಟಿಸಿರೋ ಚೀಟಿ ಮೇಲೇ ಬಿದ್ದಿದೆ. ಡಿಸ್ಕಿನ ಸಂಖ್ಯೆ ಹೋಯ್ತು." ಅವರು ನಮೂನೆಯನ್ನು ಅವಳತ್ತ ತಿರುಗಿಸಿದರು. ಅದರಲ್ಲಿ ಎರಡೇ ಕಲಂ. ಒಂದು 'ನಾಶವಾಗಿದೆ', ಇನ್ನೊಂದು 'ಕಳೆದುಹೋಗಿದೆ'. "ನಾಶವಾದ ಮೇಲೂ ಸಂಖ್ಯೆ ಸ್ಪಷ್ಟವಾಗಿ ಓದೋ ಹಾಗಿರ್ಬೇಕು. ಇಲ್ಲದಿದ್ರೆ ಅದು ಇದೇ ಡಿಸ್ಕು ಅನ್ನೋಕೆ ಏನು ಆಧಾರ? ಎರಡನೇ ಕಲಮಿಗೆ ಹಾಕ್ಬೇಕಾಗತ್ತೆ."

"ನಿಮ್ಮ ಕಣ್ಣೆದುರಿಗೇ ಇದೆಯಲ್ಲ ಸರ್!"

"ನನ್ನ ಕಣ್ಣಿಗೆ ಕಲಂ ಇಲ್ಲ ಮೇಡಂ," ಎಂದರು ಅವರು, ನಿಜಕ್ಕೂ ಬೇಸರಪಟ್ಟುಕೊಂಡು. "ಮೂರರ ತನಕ ಕಳೆದ್ರೆ ಯಾರೂ ಕೇಳಲ್ಲ, ಹೇಗೋ ಸುಧಾರಿಸ್ತೀನಿ. ನಾಲ್ಕಾದ್ರೆ ವಿಚಾರಣೆ. ನೋಟೀಸು ನಿಮ್ಮ ಹೆಸರಿಗೇ ಬರತ್ತೆ. ಈ ಮನೆಯಿಂದ ತೆಗೀಲೂಬಹುದು. ಮಿಕ್ಕಿದ್ದನ್ನ ಚೀಟಿ ತಪ್ಪಿಸಿ ಕೊರೆಸಿ."

ಮೈದುನ ಚೀಟಿ ತಪ್ಪಿಸಿದ. ಚೀಟಿಯೋ ಡಿಸ್ಕಿನ ಮುಕ್ಕಾಲು ಪಾಲು ಹರಡಿಕೊಂಡಿತ್ತು. ಉಳಿದದ್ದು ಒಂದು ಮೂಲೆ. ಆ ಮೂಲೆಯಲ್ಲೇ ಹತ್ತು ಡಿಸ್ಕಿಗೂ ಒಂದೊಂದು ತೂತು ಬಿತ್ತು. ಸಾಹೇಬರು ಒಂದೊಂದರದ್ದೂ ಫೋಟೋ ಹಿಡಿದರು, ಸಂಖ್ಯೆಗಳನ್ನು ಎರಡೆರಡು ಸಲ ಓದಿದರು, ಮೊದಲ ಕಲಮಿನಲ್ಲಿ ದುಂಡಗೆ ಬರೆದರು. ನಾಲ್ಕು ಗಂಟೆಗೆ ಗುಜರಿ ಗುತ್ತಿಗೆದಾರರ ಗಾಡಿ ಬರುತ್ತದೆ, ಅವರ ಆಳು ಸಂಖ್ಯೆ ಓದಿ, ಸಹಿ ಹಾಕಿ ಒಯ್ಯುತ್ತಾನೆ, ಅಲ್ಲಿಗೆ ಮುಗಿಯಿತು ಎಂದರು. ಮೂರಕ್ಕೆಲ್ಲ ಕೆಲಸ ಮುಗಿದಿತ್ತು. ಅಡುಗೆಯಾಕೆ ಚಹಾ ತಂದಳು.

ಅಡುಗೆಯಾಕೆ ಒಂಬತ್ತು ವರ್ಷದ ಹಿಂದೆ ಒಂದು ಕೈ ಮುರಿದುಕೊಂಡು ಆ ಮನೆಗೆ ಬಂದವಳು. ಕೈ ಕೂಡಿತು, ಆದರೆ ಹೊರಗೆ ಹೋಗಲು ಧೈರ್ಯ ಕೂಡಲಿಲ್ಲ, ಅಲ್ಲೇ ಉಳಿದಳು. ಅವಳ ಗಂಡ ಇವತ್ತಿಗೂ ವರ್ಷಕ್ಕೊಮ್ಮೆ ಅವಳ ತವರಿನ ಬಾಗಿಲು ಬಡಿಯುತ್ತಾನಂತೆ. ಅವಳ ಹಳೆಯ ಹೆಸರು ಮೇಲ್ವಿಚಾರಕಿಗೂ ಈಗ ನೆನಪಿಲ್ಲ, ಡಬ್ಬಿಗೆ ಮಾತ್ರ ಗೊತ್ತು.

"ಅಕ್ಕ, ನಾನು ಇದ್ರಲ್ಲಿ ಯಾವುದ್ರಲ್ಲಿದ್ದೀನಿ?" ಎಂದು ಕೇಳುತ್ತಾ ಅವಳು ಮೊದಲು ಕೊರೆದ ಡಿಸ್ಕನ್ನು ಎತ್ತಿಕೊಂಡಳು.

"ಯಾವುದ್ರಲ್ಲೋ. ಈಗ ಯಾವುದ್ರಲ್ಲೂ ಇಲ್ಲ ಬಿಡು."

ಅಡುಗೆಯಾಕೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂದು ಮುಚ್ಚಳ ತೆಗೆಯದೆ ಸದ್ದಿನಲ್ಲೇ ತಿಳಿಯುವುದು ಅವಳಿಗೆ ಅಭ್ಯಾಸ. ಒಳಗೆ ಒಡೆದ ಗಾಜು ಜಲ್ಲೆಂದಿತು. ಇನ್ನೊಂದನ್ನು ಅಲ್ಲಾಡಿಸಿದಳು. ಸದ್ದಿಲ್ಲ. ಮತ್ತೊಂದು. ಸದ್ದಿಲ್ಲ. ಹತ್ತನ್ನೂ ಅಲ್ಲಾಡಿಸಿ ನೋಡಿದಳು.

"ಅಕ್ಕ, ಇದೊಂದೇ ಒಡೆದಿರೋದು," ಎಂದಳು. "ಇವು ಗಟ್ಟಿಯಾಗೇ ಇವೆ."

ಮೈದುನ ಚಹಾ ಲೋಟ ಕೆಳಗಿಟ್ಟ. ಒಂದು ಡಿಸ್ಕನ್ನು ಆಚೀಚೆ ತಿರುಗಿಸಿ ನೋಡಿ, ಸಣ್ಣ ಸ್ಕ್ರೂಗಳನ್ನು ಬಿಚ್ಚತೊಡಗಿದ. ಒಂದು ಸ್ಕ್ರೂ ಚೀಟಿಯ ಅಡಿಯಲ್ಲಿ, ಸರಿಯಾಗಿ ಸಂಖ್ಯೆಯ ಕೆಳಗೇ ಅಡಗಿತ್ತು. "ಅಯ್ಯೋ, ಚೀಟಿ ಚೀಟಿ!" ಎಂದು ಸಾಹೇಬರು ಏಳುವಷ್ಟರಲ್ಲಿ ಚೀಟಿ ಹರಿದು ಮುಚ್ಚಳ ಬಿಚ್ಚಿತು. ಒಳಗೆ ಗಾಜಿನ ತಟ್ಟೆ ಒಂದು ಗೀರೂ ಇಲ್ಲದೆ ಥಳಥಳ ಹೊಳೆಯುತ್ತಿತ್ತು. ತೂತು ಅದರ ಅಂಚಿನಿಂದ ಬೆರಳಗಲ ದೂರದಲ್ಲಿ, ಹಸಿರು ಸರ್ಕ್ಯೂಟ್ ಬೋರ್ಡಿನಲ್ಲಿ ಮಾತ್ರ ಬಿದ್ದಿತ್ತು.

"ಅತ್ತಿಗೆ," ಎಂದ ಮೈದುನ, ದನಿ ತಗ್ಗಿಸಿ. "ಬರೆದಿರೋದೆಲ್ಲ ಈ ತಟ್ಟೆ ಮೇಲಿರತ್ತೆ. ನಾನು ಕೊರೆದಿದ್ದು ಬರೀ ಬೋರ್ಡನ್ನ. ಬೇರೆ ಬೋರ್ಡು ಹಾಕಿ ಓದಿಬಿಡ್ತಾರೆ. ನಮ್ಮ ಪಕ್ಕದಂಗಡಿಯವನಿಗೆ ಅದೇ ಹೊಟ್ಟೆಪಾಡು."

ಮೇಲ್ವಿಚಾರಕಿ ಗಡಿಯಾರ ನೋಡಿದಳು. ಸಂಖ್ಯೆ ಉಳಿಸಲು ಹೋಗಿ ಹೆಸರುಗಳನ್ನು ಉಳಿಸಿಬಿಟ್ಟಿದ್ದರು. ಇನ್ನೊಂದು ಗಂಟೆಯಲ್ಲಿ ಅಷ್ಟೂ ಹೆಂಗಸರ ಅಷ್ಟೂ ವಿಳಾಸಗಳು, 'ನಾಶವಾಗಿದೆ' ಎಂಬ ಸಹಿ ಸಮೇತ, ಗುಜರಿ ಗಾಡಿ ಹತ್ತಿ ಪೇಟೆಗೆ ಹೋಗುತ್ತಿದ್ದವು.

"ಸರ್, ಮತ್ತೆ ನಡುವೆ ಕೊರೀಬೇಕು."

"ಕೊರೆದ್ರೆ ಸಂಖ್ಯೆ ಹೋಗತ್ತಲ್ಲ ಮೇಡಂ."

"ಫೋಟೋ ತೆಗ್ದಿದ್ದೀರಲ್ಲ?"

"ಫೋಟೋ ಕಚೇರಿಗೆ. ವಸ್ತು ಗುತ್ತಿಗೆದಾರರಿಗೆ. ಅವರ ಆಳು ವಸ್ತು ಮೇಲೇ ಸಂಖ್ಯೆ ಓದ್ಬೇಕು."

"ಚೀಟಿ ಕಿತ್ತಿಟ್ಕೊಂಡು, ಒಡೆದು, ಆಮೇಲೆ ಅಂಟಿಸಿದ್ರೆ?" ಎಂದ ಮೈದುನ. ಕೇಳಿದ್ದಷ್ಟೇ ಅಲ್ಲ, ಒಂದರ ಚೀಟಿಯನ್ನು ಉಗುರಿನಲ್ಲಿ ಎಬ್ಬಿಸಿಯೂ ನೋಡಿದ. ಅದು ಚೂರುಚೂರಾಗಿ ಕಿತ್ತು ಬಂತು. ಸಾಹೇಬರು ಹಣೆ ಹಿಡಿದುಕೊಂಡು, "ಮೂರಾಯ್ತು," ಎಂದರು.

"ಸಂಖ್ಯೆನ ಕಾಗದದ ಮೇಲೆ ಬರೆದು ಕಟ್ಟಿ ಕೊಡ್ತೀನಿ."

"ಕೈಬರಹ ನಡೆಯಲ್ಲ."

"ಹಾಗಾದ್ರೆ ಏನು ನಡಿಯತ್ತೆ ಸರ್?" ಅವಳ ದನಿ ಮಹಡಿಗೂ ಕೇಳಿರಬೇಕು. ಮೇಲೆ ಯಾರೋ ಬಾಗಿಲು ಹಾಕಿಕೊಂಡರು. ಆ ಮನೆಯಲ್ಲಿ ದನಿಯೇರಿಸಬಾರದೆಂದು ನಿಯಮ ಮಾಡಿದವಳೇ ಅವಳು. ನಾಚಿಕೆಯಾಯಿತು, ನಾಚಿಕೆಯಿಂದ ಸಿಟ್ಟು ಇನ್ನಷ್ಟು ಹೆಚ್ಚಿತು.

ಸಾಹೇಬರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಆ ಭಾಗ್ಯವೂ ಅವಳಿಗಿಲ್ಲ. ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡು, "ಬೇಕಿದ್ರೆ ಇವನ್ನ ಬೀರುವಿನಲ್ಲಿ ಭದ್ರವಾಗಿಡಿ ಮೇಡಂ. ಏನ್ ಮಾಡ್ಬೇಕು ಅಂತ ಪ್ರಧಾನ ಕಚೇರಿಗೆ ಸ್ಪಷ್ಟನೆ ಕೇಳಿ ಬರೀತೀನಿ," ಎಂದರು.

ಬೀರು! ಸ್ಪಷ್ಟನೆ! ಮೇಲ್ವಿಚಾರಕಿಗೆ ನಗು ಬಂತು, ಆ ನಗು ಅವಳಿಗೇ ಹಿಡಿಸಲಿಲ್ಲ. ಹಾಳಾಗದ ಡಿಸ್ಕಿಗೇ ಒಬ್ಬ ಅಧಿಕಾರಿಯನ್ನು ಕಳಿಸಲು ಏಳು ತಿಂಗಳು ಹಿಡಿದಿತ್ತು. ಹಾಳಾಗಿದೆ ಎಂದು ಸಹಿಯಾದ ಡಿಸ್ಕಿಗೆ ಯಾರು ಬರುತ್ತಾರೆ? ಈ ಮನೆಯನ್ನು ಅವಳು ಬರಿಗೈಯಲ್ಲಿ ಕಟ್ಟಿದ್ದಳು. ಗೋಡೆಯ ಬಣ್ಣದಿಂದ ಹಿಡಿದು ಹಿತ್ತಲ ಬಾಗಿಲಿನ ಮೂರನೆಯ ಚಿಲಕದ ತನಕ ಅವಳದೇ. ಅದನ್ನು ಬಿಟ್ಟು ಹೋಗುವ ಮಾತನ್ನು ಅವಳು ಯಾವತ್ತೂ ನೆನೆದವಳಲ್ಲ.

ಅಡುಗೆಯಾಕೆ ಇನ್ನೂ ಒಂದು ಡಿಸ್ಕನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಮುರಿದು ಕೂಡಿದ ಕೈ ಅದು. ಅವಳು ಬಾಯಿಬಿಟ್ಟು ಕೇಳಿದ್ದರೆ ಮೇಲ್ವಿಚಾರಕಿ ಏನಾದರೂ ಸಮಾಧಾನ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳೋ ಏನೋ.

"ಕೊರಿಯಪ್ಪ," ಎಂದಳು ಮೈದುನನಿಗೆ. "ನಟ್ಟನಡುವೆ."

"ಅತ್ತಿಗೆ, ಅಣ್ಣನ್ನ ಒಂದು ಮಾತು ಕೇಳಿ..."

"ಅಣ್ಣ ಬಂದು ಕೊರೀತಾನಾ? ಕೊರಿ."

ಅವನು ಕೊರೆದ. ಎರಡು ಮುಗಿದು ಮೂರನೆಯದರಲ್ಲಿ ಡ್ರಿಲ್ಲಿನ ಮೊನೆ ಟಪ್ಪೆಂದು ಮುರಿಯಿತು. ಬೇರೆ ಮೊನೆ ಅಂಗಡಿಯಲ್ಲಿ, ಅಂಗಡಿ ಊರಾಚೆ, ಗಡಿಯಾರದಲ್ಲಿ ಮೂರೂವರೆ. ಬೆಳಗಿನಿಂದ ಮುರಿಯದ ಮೊನೆಗೂ ಮುರಿಯಲು ಇದೇ ಹೊತ್ತು ಬೇಕಿತ್ತೇ ಎಂದು ಮೇಲ್ವಿಚಾರಕಿ ಹಲ್ಲು ಕಚ್ಚಿದಳು. ಅಷ್ಟರಲ್ಲಿ ಅಡುಗೆಯಾಕೆ ಒಳಗೆ ಹೋಗಿ ಕಬ್ಬಿಣದ ಕುಟ್ಟಾಣಿ ತಂದಿದ್ದಳು. ಡಿಸ್ಕನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು ಹೊಡೆದಳು. ಹೊಡೆದದ್ದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಜಲ್ಲೆಂದರೆ ಪಕ್ಕಕ್ಕೆ, ಇಲ್ಲವಾದರೆ ಇನ್ನೊಂದೇಟು. ಕೊನೆಯ ಎರಡನ್ನು ಮೇಲ್ವಿಚಾರಕಿಯೇ ಕುಟ್ಟಾಣಿ ಕಸಿದುಕೊಂಡು ಹೊಡೆದಳು. ಎಲ್ಲ ಸಿಟ್ಟೂ ಅಲ್ಲೇ ಇಳಿಯುತ್ತದೆಂದುಕೊಂಡಿದ್ದಳು, ಇಳಿಯಲಿಲ್ಲ. ಕೈ ಮಾತ್ರ ನೋಯಿತು.

ನಮೂನೆ ಸಾಹೇಬರು ಹೊಸ ಹಾಳೆ ತೆಗೆದು, ಎರಡನೆಯ ಕಲಮಿನಲ್ಲಿ ಹನ್ನೊಂದು ಸಲ 'ಕಳೆದುಹೋಗಿದೆ' ಎಂದು ಬರೆದರು. ಅವರ ಪೆನ್ನೇ ಅವರಿಗೆ ಭಾರವಾಗಿದ್ದಂತಿತ್ತು. ಮೇಲ್ವಿಚಾರಕಿ ಸಹಿ ಹಾಕಿದಳು. ಏಳು ತಿಂಗಳು ಕಾಲ್ಬೆರಳಿಗೆ ತಾಗಿಸಿಕೊಂಡು ಕಾದದ್ದನ್ನು ಕಳೆದುಬಿಟ್ಟೆ ಎಂದು ತನ್ನ ಕೈಯಾರೆ ಒಪ್ಪಿಕೊಂಡಳು. ನಾಲ್ಕಕ್ಕೆ ಗಾಡಿ ಬಂತು. ಆಳು ಇಣುಕಿ ನೋಡಿ, ಸಂಖ್ಯೆಯಿಲ್ಲದ ಮಾಲು ಮುಟ್ಟುವುದಿಲ್ಲವೆಂದು ಹೊರಟುಹೋದ. ಚೂರುಗಳೆಲ್ಲ ಮತ್ತೆ ಬಿಸ್ಕತ್ತಿನ ಡಬ್ಬಿಗೇ ಸೇರಿದವು, ಡಬ್ಬಿ ಮೇಜಿನ ಕೆಳಗೇ ಸೇರಿತು.

ನೋಟೀಸು ಹನ್ನೆರಡೇ ದಿನಕ್ಕೆ ಬಂತು. ಪ್ರಧಾನ ಕಚೇರಿಗೆ ಅಷ್ಟು ಬೇಗ ಕೆಲಸ ಮಾಡಲು ಬರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅತಿ ಗೋಪ್ಯ ಮಾಹಿತಿಯಿದ್ದ ಡಿಸ್ಕುಗಳನ್ನು ನಿರ್ಲಕ್ಷ್ಯದಿಂದ ಕಳೆದದ್ದಕ್ಕೆ ನಿಮ್ಮನ್ನು ಮೇಲ್ವಿಚಾರಕಿಯ ಸ್ಥಾನದಿಂದ ಏಕೆ ತೆಗೆಯಬಾರದು, ಮೂರು ದಿನದೊಳಗೆ ಉತ್ತರಿಸಿ. ಕೆಳಗೆ ಕಳೆದ ಡಿಸ್ಕುಗಳ ಪಟ್ಟಿ. ಹನ್ನೊಂದು ಸಂಖ್ಯೆಗಳೂ ಒಂದಕ್ಷರ ತಪ್ಪದೆ ಟೈಪಾಗಿದ್ದವು. ಕೊಂಡ ದಿನದಿಂದಲೂ ಅವರ ಹತ್ತಿರ ಇದ್ದವಂತೆ.

ಅವಳು ಆ ಪಟ್ಟಿಯನ್ನು ಮೂರು ಸಲ ಓದಿದಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಉತ್ತರ ಬರೆಯಲು ಕೂತು ಮೂರು ಕಾಗದ ಹರಿದಳು. ಒಂದರಲ್ಲಿ ವಿವರಣೆ ಉದ್ದವಾಯಿತು, ಒಂದರಲ್ಲಿ ಬೈಗುಳ ಉದ್ದವಾಯಿತು, ಇನ್ನೊಂದರಲ್ಲಿ ಬೇಡಿಕೊಂಡಂತಾಯಿತು. ಕಾಲು ಚಾಚಿದಾಗ ಹೆಬ್ಬೆರಳು ಡಬ್ಬಿಗೆ ತಾಗಿತು. ಡಬ್ಬಿ ಜಲ್ಲೆಂದಿತು.

ಕಸ ಗುಡಿಸುತ್ತಿದ್ದ ಅಡುಗೆಯಾಕೆ ಆ ಸದ್ದಿಗೆ ತಲೆಯೆತ್ತಿದಳು. ಮೇಜಿನ ಮೇಲಿನ ನೋಟೀಸನ್ನೂ ಹರಿದ ಕಾಗದಗಳನ್ನೂ ನೋಡಿ ಏನಾಗಿದೆಯೆಂದು ತಿಳಿದುಕೊಂಡಳು. ಆದರೂ ಅವಳು ಕೇಳಿದ್ದು ಅದನ್ನಲ್ಲ.

"ಅಕ್ಕ, ಯಾರಾದ್ರೂ ಹುಡುಕಿದ್ರೆ ಸಿಗ್ತೀನಾ?"

"ಇಲ್ಲ," ಎಂದಳು ಮೇಲ್ವಿಚಾರಕಿ. "ಸಿಗಲ್ಲ."

ಅಡುಗೆಯಾಕೆ ತಲೆಯಾಡಿಸಿ ಮತ್ತೆ ಗುಡಿಸತೊಡಗಿದಳು. ಮೇಲ್ವಿಚಾರಕಿ ನಾಲ್ಕನೆಯ ಕಾಗದ ತೆಗೆದಳು. 'ಡಿಸ್ಕುಗಳು ನನ್ನ ವಶದಲ್ಲಿದ್ದಾಗಲೇ ಕಳೆದುಹೋಗಿವೆ. ಇನ್ನು ಎಷ್ಟು ಹುಡುಕಿದರೂ ಯಾರಿಗೂ ಸಿಗುವುದಿಲ್ಲ,' ಎಂದು ಬರೆದಳು. ಎರಡನೆಯ ವಾಕ್ಯ ಬರೆಯುವಾಗ ಮಾತ್ರ ಅವಳಿಗೆ ಸಿಟ್ಟು ಬರಲಿಲ್ಲ.